ಲುಂಗಿ ಇಳಿಸುವ ಮರ್ಯಾದೆ

ನನ್ನ ಎಡಗೈ ಕಿವಿಗಿಂತ ಮೇಲೆ ಏಳುವುದಿಲ್ಲ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲು ಬಲಗೈಯೇ ಬೇಕು, ಆಗ ಬ್ಯಾಗು ಎಲ್ಲಿ ಸಿಕ್ಕಿಸಿಕೊಳ್ಳುವುದು ಎನ್ನುವುದೇ ನನ್ನ ಈಗಿನ ದೊಡ್ಡ ತಲೆನೋವು. ಹೊಸಬರು ಯಾರಾದರೂ ಕಂಡರೆ, "ಎಂತ ಆಯ್ತ್ ಟೀಚರ್ರೆ, ಬಿದ್ರ್ಯಾ?" ಎಂದು ಕೇಳುತ್ತಾರೆ. ಬೀಳಲಿಲ್ಲ, ಪೆಟ್ಟು ಬಿತ್ತು ಎನ್ನುತ್ತೇನೆ. ಯಾರು ಹೊಡೆದದ್ದು ಎಂದರೆ ನನ್ನ ವಿದ್ಯಾರ್ಥಿ ಎನ್ನುತ್ತೇನೆ. ಆಮೇಲೆ ಅವರು ಸೆಖೆಯ ಮಾತು ತೆಗೆಯುತ್ತಾರೆ.

ನಾನು ಟೀಚರ್ ಆದದ್ದು ಒಂದು ರೀತಿಯ ಸೇಡಿನಿಂದ. ನಮ್ಮದು ಕೋಟ. ಅಪ್ಪಯ್ಯ ಅಲ್ಲೇ ಪ್ರಾಥಮಿಕ ಶಾಲೆಯ ಮೇಷ್ಟ್ರು, ನಾನು ಅವರದೇ ಕ್ಲಾಸಿನ ಹುಡುಗಿ. ಬೇರೆ ಮಕ್ಕಳಿಗೆ ಬೆತ್ತ, ನನಗೆ ಮರದ ರೂಲುಕೋಲು, ಅದೂ ಅಂಚಿನ ಕಡೆಯಿಂದ. ಸ್ವಂತ ಮಗಳಿಗೆ ರಿಯಾಯಿತಿ ತೋರಿಸಿದರು ಎಂದು ಯಾರಿಗೂ ಅನ್ನಿಸಬಾರದಲ್ಲ! ಬೆರಳ ಗಂಟುಗಳು ಊದಿಕೊಂಡು ಅನ್ನ ಕಲಸಲು ಆಗದೆ ಚಮಚ ಕೇಳಿದರೆ ಅದಕ್ಕೂ ಒಂದು ಬೀಳುತ್ತಿತ್ತು. ಊರಿನವರು ಅವರನ್ನು ಶಿಸ್ತಿನ ಮೇಷ್ಟ್ರು ಎಂದು ಹೊಗಳುತ್ತಿದ್ದರು, ಈಗಲೂ ಹೊಗಳುತ್ತಾರೆ. ನನಗೆ ಈಗಲೂ ಮೈ ಉರಿಯುತ್ತದೆ. ಬಿ.ಎಡ್. ಮುಗಿಸಿ ಕೆಲಸ ಹುಡುಕುವಾಗ ನಾನು ಮನಸ್ಸಿನಲ್ಲಿ ಅಂದುಕೊಂಡದ್ದು ಒಂದೇ. ಒಂದು ಏಟೂ ಹೊಡೆಯದೆ ಜೀವಮಾನವಿಡೀ ಪಾಠ ಮಾಡಿ ಈ ಮನುಷ್ಯನಿಗೆ ತೋರಿಸುತ್ತೇನೆ ಎಂದು.

ಕೆಲಸ ಸಿಕ್ಕಿದ್ದು 1997ರಲ್ಲಿ, ನಮ್ಮ ಕಡೆಯೆಲ್ಲ ಮಂಗಳೂರಿನಿಂದ ಬೇರೆಯಾಗಿ ಹೊಸ ಜಿಲ್ಲೆಯಾದ ವರ್ಷ. ಉಪ್ಪುಂದದ ಕಡಲ ಬದಿಯ ಒಂದು ಹೈಸ್ಕೂಲು, ನಾನು ಸಮಾಜ ವಿಜ್ಞಾನಕ್ಕೆ. ಮಕ್ಕಳಲ್ಲಿ ಹೆಚ್ಚಿನವರು ಮೀನುಗಾರರ ಮನೆಯವರು. ಸೇರಿದ ವಾರದಲ್ಲೇ ಒಬ್ಬ ಹೆಂಗಸು ಖಾಲಿ ಮೀನುಬುಟ್ಟಿಯನ್ನು ಜಗಲಿಯಲ್ಲಿ ಇಟ್ಟು, ಮಗನ ರಟ್ಟೆ ಹಿಡಿದು ಎಳೆದುಕೊಂಡು ಸೀದಾ ನನ್ನ ಕ್ಲಾಸಿಗೇ ಬಂದಳು. ಇನ್ನೊಂದು ಕೈಯಲ್ಲಿ ಹೊಸ ನಾಗರಬೆತ್ತ. ಅದನ್ನು ನನ್ನ ಮೇಜಿನ ಮೇಲಿಟ್ಟು ಕೈ ಮುಗಿದಳು.

"ಕಣ್ಣೊಂದ್ ಬಿಟ್ ಬಾಕಿ ಎಲ್ಲಿಗ್ ಬೇಕಾರೂ ಬಡೀನಿ ಟೀಚರ್ರೆ. ನಾನ್ ಕೇಂತಿಲ್ಲೆ. ಇವ ಮನ್ಶ ಆಯ್ಕ್, ಅಷ್ಟೇ."

ಎಲ್ಲಿಗೆ ಬೇಕಾದರೂ ಹೊಡೆಯಿರಿ, ತಾನು ಕೇಳುವುದಿಲ್ಲ ಎಂದು ಅವಳು ಕೊಟ್ಟ ಆ ಬೆತ್ತವನ್ನು ನಾನು ಎತ್ತಿಕೊಂಡು ಇಡೀ ಕ್ಲಾಸಿನ ಎದುರು ಮೊಣಕಾಲಿಗೆ ಕೊಟ್ಟು ಮುರಿಯಲು ಹೊರಟೆ. ನಾಗರಬೆತ್ತ ಹಾಗೆಲ್ಲ ಮುರಿಯುತ್ತದೆಯೇ? ಅದು ಬಾಗಿ ವಾಪಸ್ಸು ನನ್ನ ಕಾಲಿಗೇ ಬಡಿಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಆ ಹುಡುಗನೇ. ಮುಂದೆ ಅವನು ನಮ್ಮ ಶಾಲೆಯ ಕಬಡ್ಡಿ ತಂಡಕ್ಕೆ ಕ್ಯಾಪ್ಟನ್ ಆದ. ಊರಿನಲ್ಲಿ ಎಲ್ಲರೂ ಅವನನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದುದರಿಂದ ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ.

ಕಬಡ್ಡಿ ಆಡುವಾಗ ಅಂಗಿ ಬಿಚ್ಚಿದ ಒಂದು ದಿನ ಅವನ ಬೆನ್ನು ನೋಡಿದೆ. ದೋಣಿಯ ಹಗ್ಗದಿಂದ ಹೊಡೆದ ಬರೆಗಳು, ಹಳೆಯದರ ಮೇಲೆ ಹೊಸದು. ಸಂಜೆ ಶಾಲೆ ಬಿಟ್ಟ ಮೇಲೆ ನಾನು ಸೀದಾ ಅವನ ಮನೆಗೆ ಹೋದೆ. ಅಪ್ಪ ಕುಡಿದಿರಲಿಲ್ಲ. ಕುಡಿದು ಹೊಡೆಯುತ್ತಾನೆ ಎಂದು ಸಮಾಧಾನ ಮಾಡಿಕೊಳ್ಳಲೂ ನನಗೆ ಅವಕಾಶ ಕೊಡಲಿಲ್ಲ ಆ ಮನುಷ್ಯ. ನಾನು ಬಾಯಿಗೆ ಬಂದದ್ದು ಬೈದೆ. ಅವನು ನನ್ನ ಮೇಲೂ ಕೈ ಎತ್ತಿದ. ಅಷ್ಟರಲ್ಲಿ ಅಂಗಳದಲ್ಲಿ ಮೀನು ಕೊಯ್ಯುತ್ತಿದ್ದ ಅವನ ಹೆಂಡತಿ ಕತ್ತಿ ಹಿಡಿದೇ ಎದ್ದು ನಿಂತಳು. ಕೈಯೆಲ್ಲ ಮೀನಿನ ರಕ್ತ. "ಟೀಚರಿಗ್ ಮುಟ್ಟಿರೆ ನಿನ್ನ ಬೆರ್ಳ್ ಇರುದಿಲ್ಲ ಕಾಣ್" ಎಂದಳು, ಸ್ವರ ಏರಿಸದೆ. ಕೈ ಇಳಿಯಿತು. ಆಮೇಲೆ ಹುಡುಗನಿಗೆ ಬೀಳುವ ಪೆಟ್ಟು ಕಡಿಮೆಯಾಯಿತು, ಪೂರ್ತಿ ನಿಂತಿತು ಎಂದು ಹೇಳಲಾರೆ.

ನಮ್ಮ ಕಡಲ ಬದಿಯಲ್ಲಿ ಗಂಡಸರು ಲುಂಗಿಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿಕೊಂಡು ಓಡಾಡುತ್ತಾರೆ. ದೋಣಿ ನೂಕುವವನಿಗೂ ಅಂಗಡಿಯಲ್ಲಿ ಕೂತವನಿಗೂ ಅದೇ ಅನುಕೂಲ. ಆದರೆ ಎದುರಿಗೆ ಹಿರಿಯರೋ, ಭಟ್ಟರೋ, ಮೇಷ್ಟ್ರೋ ಬಂದರೆ ಕೈ ತಾನಾಗಿ ಸೊಂಟಕ್ಕೆ ಹೋಗಿ ಕಟ್ಟು ಬಿಚ್ಚುತ್ತದೆ, ಲುಂಗಿ ಪಾದದವರೆಗೆ ಇಳಿಯುತ್ತದೆ. ಬಾಯಲ್ಲಿ ನಮಸ್ಕಾರ ಹೇಳುವ ರೂಢಿ ನಮ್ಮಲ್ಲಿ ಕಡಿಮೆ. ಲುಂಗಿ ಇಳಿಯಿತು ಎಂದರೆ ನಮಸ್ಕಾರ ಆಯಿತು. ನಾನು ಶಾಲೆಗೆ ನಡೆದು ಹೋಗುವ ದಾರಿಯಲ್ಲಿ ಎರಡೂ ಬದಿ ಲುಂಗಿಗಳು ಇಳಿಯುತ್ತಿದ್ದವು. ನನ್ನ ಗಂಡ ಕುಂದಾಪುರದ ಬ್ಯಾಂಕಿನಲ್ಲಿ ಕ್ಯಾಷಿಯರ್, ಮಾತಿನಲ್ಲಿ ಬಹಳ ತಮಾಷೆಯವರು. ನನ್ನ ಜೊತೆ ಬಂದಾಗ ಅದನ್ನು ನೋಡಿ, "ನಿನ್ನ ದೆಸಿಂದ ಊರಿನ್ ಗಂಡಸ್ರ ಕಾಲ್ ಯಾರಿಗೂ ಕಾಂಬುದೇ ಇಲ್ಲ" ಎನ್ನುತ್ತಿದ್ದರು.

ಆ ಮರ್ಯಾದೆಗೆ ಎಷ್ಟು ಬಲ ಇದೆ ಎಂದು ನನಗೆ ಗೊತ್ತಾದದ್ದು ಮೊದಲ ಹೊಡೆದಾಟದಲ್ಲಿ. ನಾಡದೋಣಿಯವರು ದಡದ ಹತ್ತಿರ ಬಲೆ ಬಿಡುತ್ತಾರೆ. ದೊಡ್ಡ ಬೋಟಿನವರು ದೂರ ಹೋಗಿ ಮೀನು ಹಿಡಿಯಬೇಕು, ಆದರೆ ಡೀಸೆಲ್ ಉಳಿಸಲು ಹತ್ತಿರವೇ ಸುತ್ತುತ್ತಾರೆ. ಆಗ ನಾಡದೋಣಿಯ ಬಲೆ ಹರಿದು ಚಿಂದಿಯಾಗುತ್ತದೆ. ಹರಿದವನೂ ಹರಿಸಿಕೊಂಡವನೂ ಒಂದೇ ಕೇರಿಯವರು, ಎಷ್ಟೋ ಸಲ ಒಂದೇ ಬೆಂಚಿನಲ್ಲಿ ಕೂತು ನನ್ನ ಪಾಠ ಕೇಳಿದವರು. ನಾನು ಸೇರಿ ಕೆಲವು ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಗಲಾಟೆ ಕೇಳಿ ಮಕ್ಕಳೆಲ್ಲ ಕಡಲಿನ ಕಡೆ ಓಡಿದರು. ಮಕ್ಕಳನ್ನು ಎಳೆದು ತರಲೆಂದು ನಾನೂ ಓಡಿದೆ.

ಅಲ್ಲಿ ನಾನು ಕಂಡದ್ದನ್ನು ಚೆಂದ ಮಾಡಿ ಬರೆಯಲು ನನಗೆ ಮನಸ್ಸಿಲ್ಲ. ದೋಣಿಯ ಹುಟ್ಟು, ಕಬ್ಬಿಣದ ಸರಳು, ಬಲೆಯ ಸೀಸದ ಗುಂಡು ಕಟ್ಟಿದ ಹಗ್ಗ, ಕೈಗೆ ಸಿಕ್ಕಿದ್ದೆಲ್ಲ ಬೀಸುತ್ತಿದ್ದರು. ಒಬ್ಬನ ಕಿವಿ ಅರ್ಧ ಕಿತ್ತು ಜೋತಾಡುತ್ತಿತ್ತು, ಅವನಿಗೆ ಅದರ ಪರಿವೆಯೇ ಇರಲಿಲ್ಲ. ಇನ್ನೊಬ್ಬ ಬಿದ್ದಿದ್ದ, ಬಿದ್ದವನ ಮುಖಕ್ಕೆ ಮೂವರು ಒದೆಯುತ್ತಿದ್ದರು. ನೀರು ತಾಗುವಲ್ಲಿ ಹೊಯಿಗೆ, ದಡದ ಆ ಬಿಳಿ ಮರಳು, ಕೆಂಪಾಗಿತ್ತು. ನನ್ನ ಎಂಟನೆಯ ಕ್ಲಾಸಿನ ಹುಡುಗಿಯೊಬ್ಬಳು ಅಪ್ಪನ ಸೊಂಟ ಹಿಡಿದುಕೊಂಡು ಕಿರುಚುತ್ತಿದ್ದಳು, ಅಪ್ಪ ಅವಳನ್ನು ಎಳೆದುಕೊಂಡೇ ಹೊಡೆಯಲು ಹೋಗುತ್ತಿದ್ದ.

ನನಗೆ ಹೆದರಿಕೆ ಆಗಲಿಲ್ಲ, ಸಿಟ್ಟು ಬಂತು. ಮಧ್ಯಕ್ಕೆ ನುಗ್ಗಿ, ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಕೇಳಿಸುವ ಸ್ವರದಲ್ಲಿ, "ಎಂತದಾ ಇದ್?" ಎಂದು ಕೂಗಿದೆ. ಮತ್ತೆ ಎದುರಿಗೆ ಕಂಡವರ ಹೆಸರನ್ನೆಲ್ಲ ಒಂದೊಂದಾಗಿ, ಹಾಜರಿ ಕರೆಯುವ ಹಾಗೆ ಕರೆಯುತ್ತಾ ಹೋದೆ. ಸರಳು ಹಿಡಿದ ಒಬ್ಬ ಗಟ್ಟಿಮುಟ್ಟಾದ ಗಂಡಸು ಬಾಯಿತಪ್ಪಿ "ಎಸ್ ಟೀಚರ್" ಎಂದುಬಿಟ್ಟ. ಆಗ ಮೊದಲ ಕೈ ಸೊಂಟಕ್ಕೆ ಹೋಯಿತು. ಒಂದು ಲುಂಗಿ ಇಳಿಯಿತು, ಪಕ್ಕದವನದ್ದು ಇಳಿಯಿತು, ಆಮೇಲೆ ಅತ್ತಲೂ ಇತ್ತಲೂ ಇಳಿಯುತ್ತಲೇ ಹೋದವು. ಲುಂಗಿ ಪಾದದವರೆಗೆ ಬಂದರೆ ಓಡಲು ಆಗುವುದಿಲ್ಲ, ಕಾಲು ಎತ್ತಿ ಒದೆಯಲೂ ಆಗುವುದಿಲ್ಲ. ಹೊಡೆದಾಟ ನಿಂತಿತು. ಆಗ ತಾನೇ ಮೀಸೆ ಬಂದಿದ್ದ ಕ್ಯಾಪ್ಟನ್ ಹುಟ್ಟನ್ನು ಬೆನ್ನ ಹಿಂದೆ ಅಡಗಿಸಿಕೊಂಡು ತಲೆ ತಗ್ಗಿಸಿ ನಿಂತಿದ್ದ. ಶಾಲೆಯಿಂದ ಬೆಂಚು ತರಿಸಿ ಬಿದ್ದವನನ್ನು ಅದರ ಮೇಲೆ ಮಲಗಿಸಿ ಅವರಿಂದಲೇ ಹೊರಿಸಿದೆ. ಅವನು ಬದುಕಿದ, ಒಂದು ಕಣ್ಣು ಹೋಯಿತು.

ಇದನ್ನೆಲ್ಲ ರಸ್ತೆಯ ಮೇಲೆ ಜೀಪಿನಲ್ಲಿ ಕೂತು ನೋಡಿದವರು ಒಬ್ಬರಿದ್ದರು. ನಾಲ್ಕಾರು ಬೋಟುಗಳ ಯಜಮಾನರು, ಪಕ್ಷದ ತಾಲೂಕು ಮಟ್ಟದ ಮುಖಂಡರು. ಊರಿಗೆಲ್ಲ ಅವರು ಸಾಹುಕಾರ್ರು. ಮರುದಿನ ಅವರು ನಮ್ಮ ಮನೆಗೆ ಬಂದು ಕಾಫಿ ಕುಡಿಯುತ್ತಾ ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ.

"ಟೀಚರ್ರೆ, ಲುಂಗಿ ಇಳ್ಸುವರ್ ವೋಟ್ ಹಾಕ್ದೆ ಇರ್ತ್ರಾ? ಈ ಸರ್ತಿ ಜಿಲ್ಲಾ ಪಂಚಾಯ್ತಿಗ್ ನಮ್ಮ ಸೀಟ್ ಹೆಂಗಸ್ರಿಗ್ ಬಂದಿತ್. ನೀವ್ ನಿಲ್ಕ್."

ಆಸೆ ಆಯಿತು. ಇದನ್ನು ಬೇರೆ ಹೇಗೆ ಹೇಳುವುದು? ಒಂದು ಶಾಲೆಯ ಒಂದು ಕ್ಲಾಸಿನಲ್ಲಿ ಬೆತ್ತ ಇಲ್ಲದಂತೆ ಮಾಡಿದ್ದೆ, ಇಡೀ ಜಿಲ್ಲೆಯಲ್ಲಿ ಮಾಡಬಹುದು ಎಂದು ಅನ್ನಿಸಿತು. ಕೋಟದಲ್ಲಿ ಜಗಲಿಯ ಮೇಲೆ ಕೂತಿರುವ ನಿವೃತ್ತ ಮೇಷ್ಟ್ರು ಪೇಪರಿನಲ್ಲಿ ಅದನ್ನು ಓದುವುದನ್ನೂ ಕಲ್ಪಿಸಿಕೊಂಡೆ. ಗಂಡ ಮಾತ್ರ, "ಮನಿಯಂಗೆ ಮಂತ್ರಿ ಆದ್ದ್ ಸಾಕಾಯ್ಲಿಲ್ಯಾ ನಿಂಗೆ?" ಎಂದರು. ನಾನು ಕೆಲಸಕ್ಕೆ ರಾಜೀನಾಮೆ ಕೊಟ್ಟೆ.

ಚುನಾವಣೆ ಎಂದರೆ ಹಾರ ತುರಾಯಿ ಎಂದುಕೊಂಡವರು ನಿಂತು ನೋಡಬೇಕು. ನಮ್ಮ ಕಿಟಕಿಯ ಗಾಜು ಒಡೆದು ಕಲ್ಲು ಅನ್ನದ ಪಾತ್ರೆಗೆ ಬಿತ್ತು. ಗಂಡನ ಸ್ಕೂಟರಿಗೆ ಯಾರೋ ಬೆಂಕಿ ಹಚ್ಚಿದರು, ಅದು ಬಾವಿಕಟ್ಟೆಯ ಹತ್ತಿರ ಕರಗಿ ಮುದ್ದೆಯಾಗಿ ನಿಂತಿತ್ತು. ನನ್ನ ನಡತೆಯ ಬಗ್ಗೆ ಗೋಡೆಗಳ ಮೇಲೆ ಬರೆದರು, ಅದರಲ್ಲಿ ಕಾಗುಣಿತ ತಪ್ಪಿದ್ದು ನೋಡಿ ನನ್ನ ವಿದ್ಯಾರ್ಥಿಗಳಲ್ಲ ಎಂದು ಸಮಾಧಾನವಾಯಿತು. ಬೈಂದೂರಿನಲ್ಲಿ ಭಾಷಣ ಮಾಡುವಾಗ ಒಬ್ಬ ಸೆಗಣಿ ಎಸೆದ. ನನ್ನ ಕಡೆಯ ಹುಡುಗರು ಅವನನ್ನು ಹಿಡಿದು ಸೈಕಲ್ ಚೈನಿನಿಂದ ಬಡಿದು ಚರಂಡಿಗೆ ಎಸೆದರು. ನಿಲ್ಲಿಸಿ ಎಂದು ಮೈಕಿನಲ್ಲಿ ಕೂಗಿದೆ, ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಗೆದ್ದೆ. ಗೆದ್ದು ಜಿಲ್ಲಾ ಪಂಚಾಯತಿಗೆ ಹೋಗಿ, ಅಲ್ಲಿ ಶಿಕ್ಷಣದ ಸಮಿತಿಗೆ ಅಧ್ಯಕ್ಷೆಯಾದೆ. ಊರಿನವರು ತಮಾಷೆಗೆ ನನ್ನನ್ನು ಶಿಕ್ಷಣ ಮಂತ್ರಿ ಎಂದು ಕರೆಯತೊಡಗಿದರು. ತಮಾಷೆ ಎಂದು ಗೊತ್ತಿದ್ದರೂ ನನಗೆ ಖುಷಿಯಾಗುತ್ತಿತ್ತು.

ಕೆಲಸ ಮಾಡಲಿಲ್ಲ ಎಂದು ನನ್ನ ಶತ್ರುಗಳೂ ಹೇಳಲಾರರು. ಹೆಣ್ಣುಮಕ್ಕಳಿಗೆ ಶೌಚಾಲಯ, ಸೋರುವ ಮಾಡಿಗೆ ಹೆಂಚು, ಎಲ್ಲಕ್ಕೂ ಕಚೇರಿಯಲ್ಲಿ ಮೇಜು ಕುಟ್ಟಿ ಜಗಳವಾಡಿದೆ. ಆದರೆ ನನ್ನ ಹಟ ಬೆತ್ತದ ಮೇಲೆ. ಶಂಕರನಾರಾಯಣ ಎಂಬ ಊರಿನಿಂದ ಒಳಗೆ ಒಂದು ಶಾಲೆಗೆ ಹೇಳದೆ ಕೇಳದೆ ಹೋದ ದಿನ, ನಾಲ್ಕನೆಯ ಕ್ಲಾಸಿನ ಒಬ್ಬಳು ಎಡಗೈಯಲ್ಲಿ ಬರೆಯುತ್ತಿದ್ದಳು. ಬಲಗೈಯ ನಡುಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿ ಸೊಟ್ಟಗೆ ನಿಂತಿತ್ತು. ಮೂಳೆ ಮುರಿದು ದಿನಗಳೇ ಆಗಿದ್ದವು. ಹೆಡ್‌ಮಾಸ್ಟರು ನನ್ನನ್ನು ಕೂರಿಸಿ, ಎಳನೀರು ತರಿಸಿ, ಬಹಳ ವಿನಯದಿಂದ ವಿವರಿಸಿದರು.

"ನಾನ್ ಅಂಗೈಗೇ ಹೊಡ್ದದ್ದ್ ಮೇಡಂ. ಅವಳೇ ಕೈ ಹಿಂದ್ ಎಳ್ಕಂಡ್ಲ್. ಅದ್ಕೇ ಬೆರ್ಳಿಗ್ ಬಿತ್ತ್."

ಅವರ ಕೆನ್ನೆಗೆ ಬಾರಿಸಬೇಕು ಎನ್ನಿಸಿತು. ಬಾರಿಸಲಿಲ್ಲ, ಅಮಾನತು ಮಾಡಿಸಿದೆ. ಅಲ್ಲಿಂದ ಸಿಕ್ಕ ಸಿಕ್ಕ ಶಾಲೆಗಳಿಗೆ ನುಗ್ಗಿ ಬೆತ್ತಗಳನ್ನು ಜೀಪಿಗೆ ತುಂಬಿಸಿದೆ. ಬ್ರಹ್ಮಾವರದಲ್ಲಿ ಮುಖ್ಯೋಪಾಧ್ಯಾಯರ ಸಭೆ ಇತ್ತು. ಅಂಗಳದಲ್ಲಿ ಆ ಹೊರೆಯನ್ನು ಇಳಿಸಿ, ಸೀಮೆಎಣ್ಣೆ ಸುರಿದು, ನಾನೇ ಕಡ್ಡಿ ಗೀರಿದೆ. ಚಟಪಟ ಎಂದು ಉರಿಯಿತು. ನನ್ನ ಬದುಕಿನಲ್ಲಿ ನಾನು ಅಷ್ಟು ಸಂತೋಷಪಟ್ಟ ದಿನಗಳು ಕಡಿಮೆ. ಹಿಂದಿನ ಸಾಲಿನಿಂದ ಒಬ್ಬರು, "ಕೈ ಇತ್ತಲೆ ಮೇಡಂ, ಅದನ್ನ್ ಸುಡುಕ್ ಆತ್ತಾ?" ಎಂದರು. ಎಲ್ಲರೂ ನಕ್ಕರು. ಅದಕ್ಕಿಂತ ಹೆಚ್ಚು ನೋವಾದದ್ದು ಗೇಟಿನ ಹತ್ತಿರ. ಒಬ್ಬ ತಂದೆ ಮಗನನ್ನು ನನ್ನ ಎದುರೇ ನಿಲ್ಲಿಸಿ, ಚಪ್ಪಲಿ ಬಿಚ್ಚಿ ಮುಖ ಮೂತಿ ನೋಡದೆ ಬಡಿದ. "ಕಾಣಿ, ನಿಮ್ಮ ಮೇಷ್ಟ್ರ್ ಹೊಡುದಿಲ್ದಿರೆ ನಾವೇ ಹೊಡಿಕಾತ್ತ್" ಎಂದ. ಹುಡುಗನ ಮೂಗಿನಲ್ಲಿ ರಕ್ತ ಬಂತು. ನಾನು ಅವನನ್ನು ಎಳೆದುಕೊಂಡು ಜೀಪಿನಲ್ಲಿ ಕೂರಿಸಿದರೆ, ಅವನು ಇಳಿದು ಅಪ್ಪನ ಹಿಂದೆಯೇ ಓಡಿ ಹೋದ.

ಈ ನಡುವೆ ಉಪ್ಪುಂದದ ಕಡಲಿನಲ್ಲಿ ಬಲೆ ಹರಿಯುವುದು ನಿಂತಿರಲಿಲ್ಲ. ಕ್ಯಾಪ್ಟನ್ ಈಗ ನಾಡದೋಣಿಯ ಹುಡುಗರಿಗೆಲ್ಲ ಮುಂದಾಳು. ಒಂದು ದಿನ ಮನೆಗೆ ಬಂದು, ಲುಂಗಿ ಇಳಿಸಿ, ಮೆಟ್ಟಿಲ ಕೆಳಗೇ ನಿಂತು ಹೇಳಿದ. "ಟೀಚರ್ರೆ, ಬಲೆ ಹರಿತಿಪ್ಪುದ್ ಸಾಹುಕಾರ್ರ ಬೋಟೇ. ನೀವ್ ಒಂದ್ ಮಾತ್ ಹೇಳ್ಕ್. ನಿಮ್ಮ ಮಾತ್ ಕೇಂತ್ರ್." ಹೇಳಿದೆ. ಒಂದು ಸಲ ಅಲ್ಲ, ಹಲವು ಸಲ. ಸಾಹುಕಾರರು ಪ್ರತಿ ಸಲವೂ, "ಆಯ್ತ್ ಟೀಚರ್ರೆ, ಕಾಂಬ" ಎಂದು ನಗುತ್ತಿದ್ದರು. ನನ್ನ ಕೈಯಲ್ಲಿ ಇದ್ದದ್ದು ಶಾಲೆ, ಸಮುದ್ರವಲ್ಲ. ಕ್ಯಾಪ್ಟನ್ ಮತ್ತೆ ಕೇಳಲು ಬರಲಿಲ್ಲ.

ಎರಡನೆಯ ಹೊಡೆದಾಟದ ದಿನ ಬೆಳಿಗ್ಗೆ ಸಾಹುಕಾರರ ಬೋಟು ಬಲೆ ಹರಿದದ್ದಷ್ಟೇ ಅಲ್ಲ, ಒಂದು ನಾಡದೋಣಿಯನ್ನೂ ಮಗುಚಿ ಹಾಕಿತು. ಈಜಿ ದಡ ಸೇರಿದವರು ಉಳಿದವರನ್ನು ಕೂಡಿಕೊಂಡು ಬೋಟಿಗೇ ಹತ್ತಿ, ಅದನ್ನು ನಡೆಸುವ ತಂಡೇಲನನ್ನು ಎಳೆದು ತಂದು ತೆಂಗಿನ ಮರಕ್ಕೆ ಕಟ್ಟಿದರು. ಸಾಹುಕಾರರು ತಮ್ಮ ಕಾರು ತಂದು ನಮ್ಮ ಮನೆಯ ಮುಂದೆ ನಿಲ್ಲಿಸಿ ಹಾರ್ನ್ ಹಾಕಿದರು. "ಬನ್ನಿ ಟೀಚರ್ರೆ, ಅವನ್ನ ಕೊಂದ್ ಹಾಕ್ತ್ರ್. ನೀವ್ ಬಂದ್ರೆ ನಿಲ್ಲತ್ತ್." ಪೊಲೀಸರು ಬೈಂದೂರಿನಿಂದ ಬರಬೇಕು, ಅಷ್ಟು ಹೊತ್ತು ಕಟ್ಟಿಹಾಕಿದವನು ಉಳಿಯುತ್ತಾನೆಯೇ? ನಾನು ಆ ಕಾರು ಹತ್ತಿದೆ.

ಮರಕ್ಕೆ ಕಟ್ಟಿದವನ ತಲೆ ಎದೆಯ ಮೇಲೆ ಬಿದ್ದಿತ್ತು. ಬಾಯಿಯಿಂದ ರಕ್ತ ಎಳೆಯಾಗಿ ಇಳಿಯುತ್ತಿತ್ತು. ಒಬ್ಬ ಒದ್ದೆ ಹಗ್ಗದಿಂದ ಅವನ ಹೊಟ್ಟೆಗೆ ಹೊಡೆಯುತ್ತಿದ್ದ, ದಣಿದಾಗ ಇನ್ನೊಬ್ಬನಿಗೆ ಹಗ್ಗ ಕೊಡುತ್ತಿದ್ದ. ನಾನು ಕಾರಿನಿಂದ ಇಳಿದು ಹಿಂದಿನಂತೆಯೇ ಕೂಗಿದೆ, ಹಿಂದಿನಂತೆಯೇ ಹೆಸರು ಕರೆದೆ. ಎಲ್ಲರೂ ತಿರುಗಿ ನೋಡಿದರು. ನನ್ನನ್ನು ನೋಡಿದರು, ನನ್ನ ಹಿಂದಿನ ಕಾರನ್ನು ನೋಡಿದರು, ಕಾರಿನಿಂದ ಇಳಿಯುತ್ತಿದ್ದ ಸಾಹುಕಾರರನ್ನೂ ಅವರ ಜನರನ್ನೂ ನೋಡಿದರು. ಒಂದು ಲುಂಗಿಯೂ ಇಳಿಯಲಿಲ್ಲ.

ಕ್ಯಾಪ್ಟನ್ ಎಲ್ಲರಿಗಿಂತ ಮುಂದೆ, ಲುಂಗಿ ಎತ್ತಿ ಕಟ್ಟಿ, ಎರಡೂ ಕೈಯಲ್ಲಿ ಹುಟ್ಟು ಹಿಡಿದು ನಿಂತಿದ್ದ. ನಾನು ಅವನ ಎದುರಿಗೇ ಹೋದೆ.

"ಲುಂಗಿ ಇಳ್ಸ್" ಎಂದೆ.

ತಾವಾಗಿ ಕೊಡುತ್ತಿದ್ದುದನ್ನು ಅಂದು ಬಾಯಿ ಬಿಟ್ಟು ಕೇಳಿದೆ. ಕ್ಯಾಪ್ಟನ್ ನನ್ನನ್ನು ನೋಡಿ, "ನಮ್ಮ ಟೀಚರ್ ನಡ್ಕಂಡ್ ಬತ್ತಿದ್ರ್. ನೀವ್ ಕಾರಂಗೆ ಬಂದವ್ರ್" ಎಂದ. ಅದೇ ಹೊತ್ತಿಗೆ ನನ್ನ ಬೆನ್ನ ಹಿಂದೆ ಸಾಹುಕಾರರು ತಮ್ಮವರಿಗೆ, "ಎಂತ ಕಾಂತ್ರಿ, ಬಡೀನಿ ಆ ನಾಯಿಗಳಿಗೆ" ಎಂದು ಕೂಗಿದರು. ಹುಟ್ಟು ಮೇಲೆದ್ದದ್ದು ಕಂಡಿತು. ಎಡ ಭುಜದೊಳಗೆ ಒಣ ಕಟ್ಟಿಗೆ ಮುರಿದಂತೆ ಒಂದು ಸದ್ದಾಯಿತು. ಬಾಯಿ ತುಂಬ ಹೊಯಿಗೆ. ನನ್ನ ಮೇಲಿನಿಂದ ಕಾಲುಗಳು ಹಾದು ಹೋದವು, ಯಾರೋ ನನ್ನ ಸೆರಗು ತುಳಿದುಕೊಂಡೇ ಹೊಡೆದಾಡಿದರು. ಆ ಗದ್ದಲದಲ್ಲಿ ತಂಡೇಲನ ಕಟ್ಟು ಬಿಚ್ಚಿ ಯಾರೋ ಅವನನ್ನು ಹೊತ್ತೊಯ್ದರು ಎಂದು ಆಮೇಲೆ ತಿಳಿಯಿತು. ಅವನು ಸಾಯಲಿಲ್ಲ.

ಸಾಹುಕಾರರಿಗೆ ಬೀಸಿದ ಪೆಟ್ಟು ತಪ್ಪಿ ಟೀಚರಿಗೆ ತಾಗಿತು ಎಂದು ಊರಿನಲ್ಲಿ ಹೇಳುತ್ತಾರೆ. ನನ್ನ ಮೇಲಿನ ಪ್ರೀತಿಯಿಂದ ಹೇಳುತ್ತಾರೆ, ಅವನ ಮೇಲಿನ ಪ್ರೀತಿಯಿಂದಲೂ. ಆದರೆ ಹುಟ್ಟು ಏಳುವಾಗ ಅವನ ಕಣ್ಣು ನನ್ನ ಕಣ್ಣಿನಲ್ಲೇ ಇತ್ತು. ಅದು ನನಗೇ ಎಂದು ಎತ್ತಿದ್ದು.

ಕುಂದಾಪುರದ ಆಸ್ಪತ್ರೆಯಲ್ಲಿ ನನ್ನ ಹೇಳಿಕೆ ಬರೆದುಕೊಳ್ಳಲು ಪೊಲೀಸರು ಬಂದರು. ಅವರಿಗಿಂತ ಮೊದಲೇ ಸಾಹುಕಾರರು ಬಂದು ಹಣ್ಣಿನ ಬುಟ್ಟಿ ಇಟ್ಟು ಕೂತಿದ್ದರು. ಕ್ಯಾಪ್ಟನ್ ಹೊಡೆದ ಎಂದು ನಾನು ಹೇಳಿದರೆ ಕೊಲೆಯತ್ನದ ಕೇಸು, ನಾಡದೋಣಿಯವರ ಹೋರಾಟ ಅಲ್ಲಿಗೆ ಮುಗಿಯಿತು. ಯಾರೆಂದು ಕಾಣಲಿಲ್ಲ ಎಂದು ಹೇಳಿದರೆ ಅವನು ಉಳಿಯುತ್ತಾನೆ. ಬಾಗಿಲ ಹೊರಗೆ ಅವನ ತಾಯಿ ಗೋಡೆಗೆ ಒರಗಿ ನಿಂತಿದ್ದಳು. ಪೊಲೀಸರು ಚಾ ಕುಡಿಯಲು ಹೋದಾಗ ಒಳಗೆ ಬಂದಳು. ಅಳಲಿಲ್ಲ, ಕಾಲಿಗೆ ಬೀಳಲಿಲ್ಲ.

"ಟೀಚರ್ರೆ, ಅವನಿಗ್ ನೀವೇ ಬಡೀನಿ. ಕೈ ಕಾಲ್ ಮುರೀನಿ. ಅವತ್ತೇ ಹೇಳಿದ್ನಲೆ, ನಾನ್ ಕೇಂತಿಲ್ಲೆ ಅಂದೇಳಿ. ಪೊಲೀಸ್ರ ಕೈಯಂಗೆ ಕೊಡ್ಬೇಡಿ."

ನನ್ನ ಗಂಡ ನನ್ನ ಮುಖ ನೋಡಿದರು. ಅವರಿಗೆ ಆ ಹುಡುಗ ಎಂದರೆ ಇಷ್ಟ. ನನಗೆ ಮಾತ್ರ ಸಿಟ್ಟು ತಲೆಗೇರಿತ್ತು. ಒಬ್ಬನಿಗೂ ಒಂದು ಏಟು ಹೊಡೆಯದವಳು ನಾನು, ನನಗೆ ಹೊಡೆದ. ಅವನನ್ನು ಉಳಿಸಲು ಸುಳ್ಳು ಬೇರೆ ಹೇಳಬೇಕೇ? ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಹೊಡೆದವನು ಅವನೇ. ಅದಕ್ಕೆ ಮೊದಲು ಬಡೀನಿ ಎಂದು ಕೂಗಿದವರು ಸಾಹುಕಾರರು. ಬಲೆ ಹರಿದು ದೋಣಿ ಮಗುಚಿದ್ದು ಅವರದೇ ಬೋಟು. ಸಾಹುಕಾರರು ಕುರ್ಚಿಯಿಂದ ಎದ್ದು, "ಆ ಕೊನಿ ಮಾತ್ ಬಿಡಿ ಟೀಚರ್ರೆ" ಎಂದರು. ಬಿಡಲಿಲ್ಲ. ಅವರು ಹಣ್ಣಿನ ಬುಟ್ಟಿಯನ್ನೂ ಎತ್ತಿಕೊಂಡು ಹೋದರು. ಮುಂದಿನ ಚುನಾವಣೆಯಲ್ಲಿ ನನ್ನ ಸೀಟಿಗೆ ಅವರ ಸೊಸೆ ನಿಂತಳು, ಗೆದ್ದಳು. ನನ್ನ ಮಂತ್ರಿಗಿರಿ ಅಲ್ಲಿಗೆ ಮುಗಿಯಿತು. ಸಾಹುಕಾರರ ಮೇಲೆ ಏನೂ ಆಗಲಿಲ್ಲ.

ಕ್ಯಾಪ್ಟನ್‌ನನ್ನು ನಾನು ಹೇಳಿಕೆ ಕೊಟ್ಟ ದಿನವೇ ಹಿಡಿದರು. ಠಾಣೆಯಲ್ಲಿ ಅವನಿಗೆ ಹೊಡೆದರು ಎಂದು ತಿಳಿದಾಗ ನಾನು ಕೈಗೆ ಜೋಳಿಗೆ ಕಟ್ಟಿಕೊಂಡೇ ಅಲ್ಲಿಗೆ ಹೋದೆ. ಅವನ ಬಲ ಮಣಿಕಟ್ಟು ತೆಂಗಿನಕಾಯಿಯ ಗಾತ್ರಕ್ಕೆ ಊದಿತ್ತು, ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ನಾನು ಕಿರುಚಾಡಿದೆ. ಹೊಡೆಯಲು ನಿಮಗೆ ಯಾರು ಹೇಳಿದರು, ನಾನು ಕೊಟ್ಟದ್ದು ಹೇಳಿಕೆ, ಇದಕ್ಕಾ ಎಂದು ಕೇಳಿದೆ. ಅಧಿಕಾರಿ ನನಗೆ ಕುರ್ಚಿ ಕೊಟ್ಟು ಸಮಾಧಾನ ಮಾಡಿದ. ಟೀಚರಿಗೆ ಹೊಡೆದವನಲ್ಲವೇ, ಅದಕ್ಕೇ ಶಾಲೆಯ ಶಿಕ್ಷೆಯನ್ನೇ ಕೊಟ್ಟೆವು ಎಂದು ನಕ್ಕ. ಕೈ ಚಾಚು ಎಂದು ಹೇಳಿ ಲಾಠಿಯಲ್ಲಿ ಕೊಟ್ಟದ್ದಂತೆ.

"ಅಂಗೈಗೇ ಮೇಡಂ. ಅವನೇ ಕೈ ಹಿಂದೆ ಎಳೆದುಕೊಂಡ. ಅದಕ್ಕೇ ಮಣಿಕಟ್ಟಿಗೆ ಬಿತ್ತು."

ನಾನು ಆ ಅಧಿಕಾರಿಯ ಮೇಲೆ ದೂರು ಕೊಟ್ಟೆ, ಕಚೇರಿಯಿಂದ ಕಚೇರಿಗೆ ಅಲೆದೆ. ಅವನಿಗೆ ವರ್ಗವಾಯಿತು, ಅಷ್ಟೆ. ಕ್ಯಾಪ್ಟನ್‌ಗೆ ಜಾಮೀನು ಸಿಕ್ಕಿತು, ಕೇಸು ಎಳೆದು ಎಳೆದು ಕೊನೆಗೆ ರಾಜಿಯಾಯಿತು. ಮೂಳೆ ಸರಿಯಾಗಿ ಕೂಡಲಿಲ್ಲ ಎಂದು ಯಾರೋ ಹೇಳಿದರು. ನಾವು ಕುಂದಾಪುರಕ್ಕೆ ಮನೆ ಬದಲಾಯಿಸಿದೆವು. ಅಪ್ಪಯ್ಯ ತೀರಿಕೊಂಡಿದ್ದರು. ಬೆತ್ತ ಸುಟ್ಟ ಸುದ್ದಿಯನ್ನು ಅವರು ಓದಿದ್ದರೋ ಇಲ್ಲವೋ ಎಂದು ನಾನು ಕೇಳಿರಲಿಲ್ಲ.

ಕೆಲವು ವರ್ಷಗಳ ಮೇಲೆ, ಹಳೆಯ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಗೆಂದು ಉಪ್ಪುಂದಕ್ಕೆ ಹೋದೆ. ಬಸ್ಸಿನಿಂದ ಇಳಿದು ನಡೆಯತೊಡಗಿದರೆ, ಅಂಗಡಿಯ ಜಗಲಿಯಲ್ಲಿ ಕೂತವರು ಎದ್ದರು. ಒಬ್ಬೊಬ್ಬರದೇ ಲುಂಗಿ ಇಳಿಯಿತು. ಪಕ್ಷದ ಕಾರಿಲ್ಲ, ಜೀಪಿಲ್ಲ, ಕೊಡೆ ಹಿಡಿದು ನಡೆದು ಬರುವ ಸೊಟ್ಟ ಭುಜದ ಹೆಂಗಸು ಅವರಿಗೆ ಮತ್ತೆ ಟೀಚರ್ ಆಗಿದ್ದಳು. ಸುಳ್ಳು ಯಾಕೆ, ನಾನು ಬೇಕೆಂದೇ ನಿಧಾನವಾಗಿ ನಡೆದೆ. ಆ ಸಾಲಿನ ಕೊನೆಯಲ್ಲಿ ಕ್ಯಾಪ್ಟನ್ ಇದ್ದ. ಅವನೂ ಎದ್ದು ನಿಂತ. ಲುಂಗಿ ಮೊಣಕಾಲಿನ ಮೇಲೆಯೇ ಇತ್ತು.

ನಾನು ನಿಂತೆ. ಇಳಿಸುತ್ತಾನೆ ಎಂದು ಕಾದೆ. ಇಳಿಸಲಿಲ್ಲ. ನನಗೆ ಅದೇ ಹಳೆಯ ಸಿಟ್ಟು ನೆತ್ತಿಗೇರಿತು. ಹತ್ತಿರ ಹೋಗಿ, "ಎಂತದಾ, ಇನ್ನೂ ಮುಗಿಲಿಲ್ಯಾ ನಿಂದ್?" ಎಂದು ಕೇಳಿದೆ.

ಅವನು ಬಲಗೈ ಮುಂದೆ ಚಾಚಿದ. ಮಣಿಕಟ್ಟು ಒಂದು ಬದಿಗೆ ತಿರುಚಿಕೊಂಡಿತ್ತು, ಬೆರಳುಗಳು ಅರ್ಧ ಮಡಚಿ ಹಾಗೆಯೇ ನಿಂತಿದ್ದವು.

"ಇಳ್ಸುಕ್ ಆತ್ತ್ ಟೀಚರ್ರೆ. ಮತ್ತೆ ಕಟ್ಟುಕ್ ಆತಿಲ್ಲೆ. ಬೆಳಿಗ್ಗೆ ಅಮ್ಮ ಕಟ್ಟಿ ಕಳ್ಸುದ್."

ಕ್ಲಾಸಿನಲ್ಲಿ ಮಕ್ಕಳು ಏಟು ತಿನ್ನಲು ಚಾಚುವ ಹಾಗೆಯೇ ಅಂಗೈ ಮೇಲೆ ಮಾಡಿ ಚಾಚಿದ್ದ. ನಾನು ಒಬ್ಬರಿಗೂ ಕೈ ಚಾಚು ಎಂದು ಹೇಳಿದವಳಲ್ಲ. ಕೊಡೆ ಕೆಳಗೆ ಬಿಟ್ಟು ಆ ಕೈಯನ್ನು ನನ್ನ ಬಲಗೈಯಲ್ಲಿ ಹಿಡಿದುಕೊಂಡೆ. ಅವನು ಕೈ ಹಿಂದೆ ಎಳೆದುಕೊಳ್ಳಲಿಲ್ಲ.